ಅಕ್ವಿನಾಸನ ಬಾಯಿಗೆ ಪೂರ್ವಪಕ್ಷ ತುರುಕಬೇಡಿ

ನಮಸ್ಕಾರ. ‘ದೇವರಿಲ್ಲ ಅಂತ ತೋರುತ್ತೆ.’ ಈ ಮಾತು ಇರೋದು 13ನೇ ಶತಮಾನದ ಕ್ರೈಸ್ತ ದಾರ್ಶನಿಕ ಥಾಮಸ್ ಅಕ್ವಿನಾಸನ ದೇವಶಾಸ್ತ್ರ ಗ್ರಂಥ ‘ಸುಮ್ಮಾ ಥಿಯೊಲಾಜಿಯೆ’ಯಲ್ಲಿ. ಮೊದಲ ಭಾಗ, 2ನೇ ಪ್ರಶ್ನೆ, 3ನೇ ಪ್ರಕರಣ. ಡೊಮಿನಿಕನ್ ಸನ್ಯಾಸಿಯೊಬ್ಬ ಹೀಗೇಕೆ ಬರೆದ? ಪೂರ್ವಪಕ್ಷ, ಸ್ವಾಮಿ! ಖಂಡಿಸೋಕೆ ಮುಂಚೆ ಎದುರಾಳಿಯ ವಾದವನ್ನು ತಾನೇ ಮಂಡಿಸೋದು. ನಮ್ಮ ಭಾಷ್ಯಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಸ್ಕೊಲಾಸ್ಟಿಕ್ (ಮಧ್ಯಯುಗದ ಯುರೋಪಿನ ವಿದ್ವಾಂಸರ) ಗ್ರಂಥಗಳನ್ನು ಉದ್ಧರಿಸೋರು ಎಡವೋದು ಇಲ್ಲೇ.

ಸುಮ್ಮಾದ ಒಂದು ಪ್ರಕರಣ ಹೇಗಿರುತ್ತೆ ನೋಡಿ. ಮೊದಲು ಆಕ್ಷೇಪಗಳು, ಸಾಮಾನ್ಯವಾಗಿ ಮೂರೋ ನಾಲ್ಕೋ. ಆಮೇಲೆ ‘ಸೆದ್ ಕೊಂತ್ರಾ’: ಇದಕ್ಕೆ ಎದುರಾಗಿ ಬೈಬಲ್ಲಿನದೋ, ಪ್ರಾಚೀನ ಕ್ರೈಸ್ತ ಗುರು ಅಗಸ್ಟೀನನದೋ, ಅರಿಸ್ಟಾಟಲನದೋ ಒಂದು ಮಾತು. ಇದನ್ನೇ ಸಿದ್ಧಾಂತ, ಅಂದರೆ ಲೇಖಕನ ತೀರ್ಮಾನ ಅಂದುಕೊಂಡರೆ ಕೆಟ್ಟಿರಿ. ಇದು ಬರೀ ತಕ್ಕಡಿಯ ಇನ್ನೊಂದು ತಟ್ಟೆ. ‘ರೆಸ್ಪೊಂದೇಯೊ’ (ಉತ್ತರಿಸ್ತೇನೆ) ಅಂತ ಶುರುವಾಗೋ ಕಡೆ ಅಕ್ವಿನಾಸ್ ತಾನೇ ಮಾತಾಡ್ತಾನೆ. ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ, ಅಂದರೆ ಉತ್ತರ. ಪ್ಯಾರಿಸ್ ವಿಶ್ವವಿದ್ಯಾಲಯದ ವಾದಸಭೆಗಳ ನೆರಳು ಇದು. ಅಲ್ಲಿ ಮೊದಲ ಸಭೆಯಲ್ಲಿ ಆಕ್ಷೇಪಗಳಿಗೆ ಶಿಷ್ಯ ಉತ್ತರಿಸ್ತಿದ್ದ, ಮುಂದಿನ ಸಭೆಯಲ್ಲಿ ಗುರು ತೀರ್ಮಾನ ಕೊಡ್ತಿದ್ದ.

ಹಾಗಾಗಿ ಮೊದಲ ಸಲ ಓದೋರು ರೆಸ್ಪೊಂದೇಯೊದಿಂದಲೇ ಶುರುಮಾಡಿ. ಆಮೇಲೆ ಮೊದಲ ಆಕ್ಷೇಪ, ಅದರ ಸಮಾಧಾನ; ಎರಡನೆಯದು, ಅದರ ಸಮಾಧಾನ. ಹೀಗೆ ಜೋಡಿ ಜೋಡಿಯಾಗಿ.

‘ಈ ಸ್ಕೊಲಾಸ್ಟಿಕರೆಲ್ಲ ಹಿರಿಯರ ಮಾತಿಗೆ ಗೋಣು ಆಡಿಸಿದವರು’ ಅನ್ನೋ ಆರೋಪವನ್ನು ನಾನು ಒಪ್ಪೋದಿಲ್ಲ. ಮನುಷ್ಯಬುದ್ಧಿಯನ್ನು ನಂಬಿದ ಆಪ್ತವಾಕ್ಯವೇ (ದೊಡ್ಡವರು ಹೇಳಿದ್ದಾರೆ ಅನ್ನೋ ಆಧಾರವೇ) ಅತ್ಯಂತ ದುರ್ಬಲ ಪ್ರಮಾಣ ಅಂತ ಮೊದಲ ಪ್ರಶ್ನೆಯ 8ನೇ ಪ್ರಕರಣದಲ್ಲೇ ಬರೆದಿದೆ. ದೈವಪ್ರಕಟಣೆಗೆ ಮಾತ್ರ ಆ ಲೆಕ್ಕವಿಲ್ಲ, ಅದು ಅತ್ಯಂತ ಬಲವಾದ ಪ್ರಮಾಣ. ಅಲ್ಲಿ ಅವನು ಜಗ್ಗೋದಿಲ್ಲ. ಅದಕ್ಕೂ ನೂರು ವರ್ಷಕ್ಕೂ ಹಿಂದೆಯೇ ಫ್ರಾನ್ಸಿನ ದಾರ್ಶನಿಕ ಅಬೆಲಾರ್ಡ್ ‘ಸಿಕ್ ಎಟ್ ನಾನ್’ (ಹೌದು ಮತ್ತು ಅಲ್ಲ) ಗ್ರಂಥದಲ್ಲಿ 158 ಪ್ರಶ್ನೆ ಎತ್ತಿ, ಹಿರಿಯರ ಮಾತುಗಳು ಒಂದಕ್ಕೊಂದು ತಾಗೋ ಹಾಗೆ ಜೋಡಿಸಿಟ್ಟಿದ್ದ.

ಈಗ ‘ದೇವರಿಲ್ಲ’ಕ್ಕೆ ಬರೋಣ. ಅಲ್ಲಿರೋದು ಎರಡೇ ಆಕ್ಷೇಪ. ಒಂದು: ದೇವರು ಅಂದರೆ ಅನಂತ ಒಳಿತು, ಅನಂತ ಒಳಿತಿದ್ದರೆ ಕೆಡುಕಿಗೆ ಜಾಗವೇ ಇರಬಾರದು, ಕೆಡುಕಂತೂ ಇದೆ. ಎರಡು: ಜಗತ್ತಿನ ಆಗುಹೋಗನ್ನು ಪ್ರಕೃತಿ ಮತ್ತು ಮನುಷ್ಯನ ಇಚ್ಛೆ ಇವೆರಡರಿಂದಲೇ ವಿವರಿಸಬಹುದು, ಮೂರನೆಯದೇಕೆ? ಇಂದಿನ ನಾಸ್ತಿಕರೂ ಇಷ್ಟು ಚೊಕ್ಕವಾಗಿ ಹೇಳೋದು ಅಪರೂಪ. ದೇವರಿದ್ದಾನೆ ಅನ್ನೋದಕ್ಕೆ ಅಕ್ವಿನಾಸ್ ಕೊಡೋ ಪ್ರಸಿದ್ಧವಾದ ಐದು ವಾದಗಳು ಬರೋದು ಇದರ ನಂತರ. ಕೆಡುಕಿನ ಪ್ರಶ್ನೆಗೆ ಸಿಗೋ ಸಮಾಧಾನ ಮಾತ್ರ ತೀರಾ ಚಿಕ್ಕದು: ಕೆಡುಕಿನಿಂದಲೂ ಒಳಿತು ತೆಗೆಯಬಲ್ಲವನಾದ್ದರಿಂದ ದೇವರು ಅದನ್ನು ಇರಗೊಡ್ತಾನೆ ಅಂತ, ಅಗಸ್ಟೀನನ ಬಲದಿಂದ. ನನ್ನ ಪ್ರಕಾರ ಇಲ್ಲಿ ಆಕ್ಷೇಪದ ತೂಕವೇ ಹೆಚ್ಚು.

ಇನ್ನೊಂದು ಕಡೆ ಜನ ಎರಡೂ ದಿಕ್ಕಿನಿಂದ ಜಾರ್ತಾರೆ. ಅದೇ ಮೊದಲ ಭಾಗದ 92ನೇ ಪ್ರಶ್ನೆಯ ಮೊದಲ ಪ್ರಕರಣ: ‘ಹೆಣ್ಣು ಅಂದರೆ ವಿಕಲವಾಗಿ ಹುಟ್ಟಿದ ಗಂಡು’ ಅನ್ನೋ ಅರಿಸ್ಟಾಟಲನ ಮಾತು ಅಲ್ಲಿ ಆಕ್ಷೇಪವಾಗಿ ಬರುತ್ತೆ. ಟೀಕಾಕಾರರು ಅದನ್ನೇ ಅಕ್ವಿನಾಸನ ಮತ ಅಂತಾರೆ. ಭಕ್ತರು ‘ಅದು ಪೂರ್ವಪಕ್ಷ ಮಾತ್ರ’ ಅಂತ ಕೈತೊಳೆದುಕೊಳ್ತಾರೆ. ಇಬ್ಬರೂ ಸಮಾಧಾನದವರೆಗೆ ಓದಿರೋದಿಲ್ಲ. ಒಟ್ಟಾರೆ ಪ್ರಕೃತಿಯ ದೃಷ್ಟಿಯಲ್ಲಿ ಹೆಣ್ಣು ವಿಕಲವಲ್ಲ, ಸಂತಾನಕ್ಕಾಗಿ ಪ್ರಕೃತಿಯ ಉದ್ದೇಶದಲ್ಲೇ ಸೇರಿದವಳು ಅಂತ ಅಲ್ಲಿದೆ. ಆದರೆ ಬಿಡಿ ವ್ಯಕ್ತಿಯ ಮಟ್ಟಿಗೆ ವಿಕಲವೇ ಅಂತ ಅವನು ಒಪ್ಪಿಕೊಳ್ತಾನೆ. ಕಾರಣಗಳ ಪಟ್ಟಿಯಲ್ಲಿ ತೇವ ತುಂಬಿದ ತೆಂಕಣ ಗಾಳಿಯೂ ಇದೆ.