ಬೊಕ್ಕಸದ ಬೀಗದ ಕೈ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಚರಿತ್ರೆಯಲ್ಲಿ ಎರಡು ಕಥೆಗಳಿವೆ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ದೊರೆಯ ಅಧಿಕಾರಕ್ಕೆ ಸಂಸತ್ತು ಮೂಗುದಾರ ಹಾಕಿದ್ದು ಒಂದು ಕಥೆ. ಸಣ್ಣದೊಂದು ದ್ವೀಪ ಸಮುದ್ರಗಳನ್ನೆಲ್ಲ ಆಳಿದ್ದು ಇನ್ನೊಂದು. ನನಗೆ ಇವೆರಡೂ ಒಂದೇ ಕಥೆಯಾಗಿ ಕಾಣುತ್ತವೆ. ಅದು ಹಣದ ಕಥೆ.

1215ರ ಜೂನ್ ತಿಂಗಳಲ್ಲಿ ಥೇಮ್ಸ್ ನದಿಯ ದಂಡೆಯ ಹುಲ್ಲುಗಾವಲಿನಲ್ಲಿ ಸರದಾರರು ಜಾನ್ ದೊರೆಯಿಂದ ಬರೆಸಿಕೊಂಡ ಮ್ಯಾಗ್ನಾ ಕಾರ್ಟಾ ಎಂಬ ಸನ್ನದು ನಿಮಗೆ ನೆನಪಿರಬಹುದು. ರಾಜ್ಯದ ಪ್ರಮುಖರ ಸಮ್ಮತಿಯಿಲ್ಲದೆ ವಂತಿಗೆ ಎತ್ತಕೂಡದು ಎಂಬ ಮಾತು ಅದರಲ್ಲಿತ್ತು. ಕೆಲವೇ ವಾರಗಳಲ್ಲಿ ಪೋಪ್ ಅದನ್ನು ರದ್ದುಮಾಡಿದರು. ಮರುವರ್ಷ ಇಂಗ್ಲೆಂಡನ್ನು ಆಳುತ್ತಿದ್ದವರು ಆ ಸನ್ನದನ್ನು ಮತ್ತೆ ಹೊರಡಿಸಿದರು ನಿಜ, ಆದರೆ ವಂತಿಗೆಯ ಮಾತನ್ನು ಮಾತ್ರ ಜಾಣತನದಿಂದ ಕೈಬಿಟ್ಟರು! ಆದರೂ ಆ ಮಾತು ಸಾಯಲಿಲ್ಲ.

ನಾಲ್ಕು ಶತಮಾನಗಳ ನಂತರ ಒಂದನೆಯ ಚಾರ್ಲ್ಸ್ ದೊರೆ ಹನ್ನೊಂದು ವರ್ಷ ಸಂಸತ್ತನ್ನೇ ಕರೆಯದೆ ರಾಜ್ಯಭಾರ ಮಾಡಿದ. ಸಂಸತ್ತು ಇಲ್ಲವೆಂದ ಮೇಲೆ ಹೊಸ ತೆರಿಗೆಗೆ ಮಂಜೂರಾತಿಯೂ ಇಲ್ಲ. ಆಗ ಅವನ ಕಣ್ಣಿಗೆ ಬಿದ್ದದ್ದು ಹಡಗು ತೆರಿಗೆ. ಯುದ್ಧದ ಭಯವಿದ್ದಾಗ ಕರಾವಳಿಯ ಊರುಗಳು ನೌಕಾಪಡೆಗೆಂದು ಕೊಡುತ್ತಿದ್ದ ಹಳೆಯ ವಂತಿಗೆ ಅದು. 1635ರಲ್ಲಿ ಚಾರ್ಲ್ಸ್ ಅದನ್ನು ಒಳನಾಡಿನ ಮೇಲೂ ಹೇರಿದ. ಬಕಿಂಗ್‌ಹ್ಯಾಮ್‌ಶೈರಿಗೆ ಸಮುದ್ರವೇ ಇಲ್ಲ. ಅಲ್ಲಿನ ಜಮೀನುದಾರ ಜಾನ್ ಹ್ಯಾಂಪ್ಡನ್ ತನ್ನ ಒಂದು ಜಮೀನಿನ ಪಾಲಿಗೆ ಬಂದ ಇಪ್ಪತ್ತು ಶಿಲಿಂಗ್ ಕಟ್ಟಲಾರೆ ಎಂದು ಕೋರ್ಟು ಹತ್ತಿದ. ಇಪ್ಪತ್ತು ಶಿಲಿಂಗ್ ಅವನಿಗೆ ಲೆಕ್ಕವೇ ಅಲ್ಲ, ಭಾರಿ ಸಿರಿವಂತ. 1638ರಲ್ಲಿ ಹನ್ನೆರಡು ನ್ಯಾಯಾಧೀಶರಲ್ಲಿ ಏಳು ಮಂದಿ ದೊರೆಯ ಪರವಾಗಿ ತೀರ್ಪು ಕೊಟ್ಟರು. ಗೆದ್ದದ್ದು ದೊರೆಯೇ. ಆದರೆ ಅರಸರೇ ನೇಮಿಸಿದ್ದ ಪೀಠದಲ್ಲಿ ಐವರು ಎದುರು ನಿಂತರು ಎಂಬ ಸುದ್ದಿ ಊರೂರಿಗೆ ಹಬ್ಬಿತು. ತೆರಿಗೆಯ ವಸೂಲಿ ಕುಸಿಯಿತು.

ಸ್ಕಾಟ್ಲೆಂಡಿನವರೊಡನೆ ಯುದ್ಧ ಬಂದಾಗ ಕೈಬರಿದಾದ ಚಾರ್ಲ್ಸ್ 1640ರಲ್ಲಿ ಸಂಸತ್ತನ್ನು ಕರೆಯಲೇಬೇಕಾಯಿತು. 1642ರ ಜನವರಿ 4ರಂದು ಸಿಪಾಯಿಗಳನ್ನು ಕಟ್ಟಿಕೊಂಡು ಕೆಳಮನೆಗೇ ನುಗ್ಗಿದ. ಹ್ಯಾಂಪ್ಡನ್ ಸೇರಿ ಐವರು ಸದಸ್ಯರನ್ನು ಹಿಡಿಯಬೇಕಿತ್ತು. ಅವರೆಲ್ಲಿ ಎಂದು ಸ್ಪೀಕರ್ ವಿಲಿಯಂ ಲೆಂಥಾಲ್‌ನನ್ನು ಕೇಳಿದ. ಲೆಂಥಾಲ್ ಮಂಡಿಯೂರಿದ, ಮಂಡಿಯೂರಿಕೊಂಡೇ, ಈ ಸಭೆ ಅಪ್ಪಣೆ ಕೊಟ್ಟ ಹೊರತು ನನಗೆ ಇಲ್ಲಿ ನೋಡಲು ಕಣ್ಣಿಲ್ಲ, ಆಡಲು ನಾಲಗೆಯಿಲ್ಲ ಎಂದ. ಹಕ್ಕಿಗಳು ಹಾರಿಹೋಗಿವೆ ಎಂದುಕೊಂಡು ದೊರೆ ಹೊರನಡೆದ. ಆ ಲೆಂಥಾಲ್ ಅಂಥ ಧೀರನೇನೂ ಆಗಿರಲಿಲ್ಲ, ಆದರೆ ಅಂದು ಅವನ ಬಾಯಿಂದ ಬಂದ ಮಾತಿಗೆ ಇಂದಿಗೂ ಬೆಲೆಯಿದೆ. ಆ ಸಭಾಂಗಣಕ್ಕೆ ಇಂಗ್ಲೆಂಡಿನ ಅರಸರು ಇಂದಿಗೂ ಕಾಲಿಡುವುದಿಲ್ಲ.

ದೊರೆಗೂ ಸಂಸತ್ತಿಗೂ ಅಂತರ್ಯುದ್ಧ ನಡೆಯಿತು. 1649ರಲ್ಲಿ ಚಾರ್ಲ್ಸ್‌ನ ತಲೆ ಉರುಳಿತು. ಸಂಸತ್ತಿನ ಸೇನಾಪತಿ ಕ್ರಾಮ್‌ವೆಲ್ ಬಂದು ಹೋದ, 1660ರಲ್ಲಿ ಅರಸೊತ್ತಿಗೆ ಮರಳಿ ಬಂತು. 1688ರಲ್ಲಿ ಎರಡನೆಯ ಜೇಮ್ಸ್ ದೇಶ ಬಿಟ್ಟು ಓಡಿದ. ಅವನ ಮಗಳು ಮೇರಿ, ಆಕೆಯ ಪತಿ ಹಾಲೆಂಡಿನ ವಿಲಿಯಂ ಸಿಂಹಾಸನವೇರಿದರು. ಸಂಸತ್ತಿನ ಒಪ್ಪಿಗೆಯಿಲ್ಲದೆ ತೆರಿಗೆ ಇಲ್ಲ, ಶಾಂತಿಕಾಲದಲ್ಲಿ ಕಾಯಂ ಸೇನೆ ಇಲ್ಲ ಎಂದು 1689ರ ಹಕ್ಕುಗಳ ಮಸೂದೆ ಕಾನೂನಾಯಿತು.

ನನ್ನ ಮುಖ್ಯ ಮಾತು ಇರುವುದು ಇಲ್ಲಿ. ಕೈ ಕಟ್ಟಿಸಿಕೊಂಡ ದೊರೆ ದುರ್ಬಲನಾಗಬೇಕಿತ್ತಲ್ಲವೇ? ಆದದ್ದು ತಿರುಗುಮುರುಗು. 1672ರಲ್ಲಿ ಎರಡನೆಯ ಚಾರ್ಲ್ಸ್ ಲಂಡನ್ನಿನ ಅಕ್ಕಸಾಲಿಗ ಸಾಹುಕಾರರಿಗೆ ಸಾಲ ತೀರಿಸುವುದನ್ನೇ ನಿಲ್ಲಿಸಿಬಿಟ್ಟಿದ್ದ. ದೊರೆ ಕೈಯೆತ್ತಿದರೆ ಯಾರ ಹತ್ತಿರ ದೂರು ಹೇಳುವುದು? 1689ರ ನಂತರ ಸಾಲಕ್ಕೆ ಸಂಸತ್ತು ಹೊಣೆಯಾಯಿತು. ಬಡ್ಡಿಗೆಂದು ಇಂಥ ತೆರಿಗೆ ಮೀಸಲು ಎಂದು ಕಾನೂನೇ ಬಂತು. ಸಾಲ ಕೊಟ್ಟವರಲ್ಲಿ ಎಷ್ಟೋ ಮಂದಿ ಅದೇ ಸಂಸತ್ತಿನಲ್ಲಿ ಕುಳಿತಿದ್ದರು. 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದು ಫ್ರಾನ್ಸಿನ ಮೇಲಿನ ಯುದ್ಧಕ್ಕೆ ಶೇಕಡಾ 8ರ ಬಡ್ಡಿಗೆ 12 ಲಕ್ಷ ಪೌಂಡ್ ಸಾಲ ಕೊಡುವುದಕ್ಕೆ. ಎರಡು ವಾರ ಕಳೆಯುವ ಮೊದಲೇ ಅಷ್ಟೂ ಹಣ ಕೂಡಿಬಂತು.

ಫ್ರಾನ್ಸ್ ಜನಸಂಖ್ಯೆಯಲ್ಲಿ ಇಂಗ್ಲೆಂಡಿನ ಹಲವು ಪಟ್ಟು ದೊಡ್ಡದು. ಅಲ್ಲಿನ ಅರಸರು 1614ರಿಂದ 1789ರವರೆಗೆ ರಾಷ್ಟ್ರಮಟ್ಟದ ಪ್ರತಿನಿಧಿ ಸಭೆಯನ್ನು ಕರೆಯಲೇ ಇಲ್ಲ. ಯಾರನ್ನೂ ಕೇಳಬೇಕಾಗಿರದ ಆ ಅರಸರಿಗೆ ಸಾಲ ಹುಟ್ಟುತ್ತಿದ್ದದ್ದು ದುಬಾರಿ ಬಡ್ಡಿಗೆ. ಕೊನೆಗೆ ದಿವಾಳಿಯಂಚಿಗೆ ಬಂದು ಸಭೆ ಕರೆದಾಗ ಕ್ರಾಂತಿಯೇ ಸಿಡಿಯಿತು. ಇತ್ತ ಇಂಗ್ಲೆಂಡಿನ ನೌಕಾಪಡೆ ಸಾಲದ ಹಣದಲ್ಲಿ ಬೆಳೆಯುತ್ತ ಹೋಯಿತು.

ಹಾಗೆಂದು ಇದನ್ನು ಪ್ರಜೆಗಳ ಆಳ್ವಿಕೆ ಎಂದು ಹೊಗಳಲು ನಾನು ಸಿದ್ಧನಿಲ್ಲ. ಸಂಸತ್ತಿನ ಜಮೀನುದಾರರು ಬಿಯರ್, ಉಪ್ಪು, ಸಾಬೂನು, ಮೇಣದಬತ್ತಿಗಳ ಮೇಲೆ ಸುಂಕ ಹಾಕಿದರು; ಅದು ಬಡವರ ಮನೆಯ ಖರ್ಚು. ಹೆಚ್ಚುಕಡಿಮೆ ಜನರೇ ವಾಸಿಸದ ಓಲ್ಡ್ ಸೇರಮ್ ಎಂಬ ದಿಬ್ಬದಿಂದ ಇಬ್ಬರು ಸದಸ್ಯರು ಬರುತ್ತಿದ್ದರು, ಗಿರಣಿಗಳಿಂದ ತುಂಬಿದ್ದ ಮ್ಯಾಂಚೆಸ್ಟರಿಗೆ 1832ರವರೆಗೆ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಗಂಡಸರಿಗೆ ಸಮನಾದ ಮತದ ಹಕ್ಕು ಹೆಂಗಸರಿಗೆ ಸಿಕ್ಕಿದ್ದು 1928ರಲ್ಲಿ.

ಇಂಗ್ಲೆಂಡ್ ಹಡಗು ಹತ್ತಿ ಹೊರಟಾಗ ಸಮ್ಮತಿಯ ಈ ನಿಯಮ ದಡದಲ್ಲೇ ಉಳಿದುಬಿಟ್ಟಿತು. ಅಮೆರಿಕದ ವಸಾಹತಿನವರು ನಮ್ಮ ಪ್ರತಿನಿಧಿಗಳಿಲ್ಲದೆ ನಮ್ಮ ಮೇಲೆ ತೆರಿಗೆಯೆಂಥದು ಎಂದು ಕೇಳಿ 1776ರಲ್ಲಿ ಬೇರೆಯಾದರು. ಬಂಗಾಳದ ರೈತರಿಗೆ ಹಾಗೆ ಕೇಳುವ ದಾರಿಯಿರಲಿಲ್ಲ. 1765ರಲ್ಲಿ ಅಲ್ಲಿನ ಕಂದಾಯದ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿ ಮೊಗಲ್ ಬಾದಶಹನಿಂದ ಪಡೆದುಕೊಂಡಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ನಂತರದ ಒಪ್ಪಂದದಂತೆ ಮೈಸೂರು ಸಂಸ್ಥಾನ ವರ್ಷಕ್ಕೆ 7 ಲಕ್ಷ ವರಹ ಕಪ್ಪ ಕೊಡಬೇಕಾಯಿತು. ಆ ವರಹಗಳನ್ನು ಹೊಲದಲ್ಲಿ ದುಡಿದು ತೆತ್ತವರನ್ನು ಲಂಡನ್ನಿನಲ್ಲಾಗಲಿ ಮೈಸೂರಿನಲ್ಲಾಗಲಿ ಯಾರೂ ಕೇಳಲಿಲ್ಲ.

1892ರಲ್ಲಿ ಲಂಡನ್ನಿನ ಫಿನ್ಸ್‌ಬರಿ ಕ್ಷೇತ್ರದಿಂದ ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆದ್ದ ದಾದಾಭಾಯಿ ನವರೋಜಿ ಅದೇ ಕೆಳಮನೆಯನ್ನು ಹೊಕ್ಕರು. ಭಾರತದ ತೆರಿಗೆ ಹಣ ವರ್ಷವರ್ಷವೂ ಬ್ರಿಟನ್ನಿಗೆ ಸೋರಿಹೋಗುತ್ತಿದೆ ಎಂಬ ಲೆಕ್ಕವನ್ನು ಅವರು ಬಹುಕಾಲದಿಂದ ಅಂಕಿ ಅಂಶಗಳೊಡನೆ ಮುಂದಿಡುತ್ತಿದ್ದರು. ಅವರನ್ನು ಆರಿಸಿ ಕಳುಹಿಸಿದವರು ಲಂಡನ್ನಿನ ಮತದಾರರು. ತೆರಿಗೆ ಕೊಡುತ್ತಿದ್ದ ಭಾರತೀಯರಿಗೆ ಆ ಸಭೆಯಲ್ಲಿ ಒಂದು ಸ್ಥಾನವೂ ಇರಲಿಲ್ಲ.

ನಮಸ್ಕಾರ.