ಪಕ್ಕದ ಸೀಟಿನವರೂ ಸಬ್‌ಟೈಟಲ್ ಓದುತ್ತಿದ್ದರು

ಇಲ್ಲಿ ಸೇರಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ. ಮೈಕ್ ಮುಂದೆ ನಿಂತರೆ ನನಗೆ ಮಾತು ತಡವರಿಸುತ್ತದೆ. ಸಿನಿಮಾ ನೋಡಿ ಬಂದವರು ಮನೆಯಲ್ಲಿ ಕತೆ ಹೇಳುತ್ತಾರಲ್ಲ, ಹಾಗೆ ಒಂದು ಐರಿಷ್ ಸಿನಿಮಾ ಹಬ್ಬದ ಕತೆ ಹೇಳಿಬಿಡುತ್ತೇನೆ. ಊಟಕ್ಕೆ ತಡ ಮಾಡುವುದಿಲ್ಲ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ ಪಕ್ಕದ ಸಿಲ್ವರ್ ಸ್ಪ್ರಿಂಗ್ ನಿಮಗೆ ಗೊತ್ತಿರುವ ಜಾಗವೇ. ರೆಡ್ ಲೈನ್ ಮೆಟ್ರೋ ಇಳಿದು ಸ್ವಲ್ಪ ನಡೆದರೆ ಸಿಲ್ವರ್ ಥಿಯೇಟರ್. ಶುರುವಾದದ್ದು 1938ರಲ್ಲಿ, ಬಾಗಿಲು ಹಾಕಿದ್ದು 1984ರಲ್ಲಿ. ಆಮೇಲೆ ಎಷ್ಟೋ ವರ್ಷ ಪಾಳು ಬಿದ್ದಿತ್ತು. ಊರಿನವರು ಹಟ ಹಿಡಿದರು, ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ, ದುಡ್ಡು ಹಾಕಿತು, ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ನಡೆಸಲು ಒಪ್ಪಿತು. 2003ರಲ್ಲಿ ಮತ್ತೆ ದೀಪ ಹತ್ತಿತು. ನಮ್ಮ ಕಡೆ ಇಂಥ ಟಾಕೀಸುಗಳು ಕಲ್ಯಾಣ ಮಂಟಪವೋ ಗೋಡೌನೋ ಆದದ್ದನ್ನು ಕಂಡವನು ನಾನು. ಅಲ್ಲಿ ಕೂತಾಗಲೆಲ್ಲ ಸಣ್ಣದೊಂದು ಹೊಟ್ಟೆಕಿಚ್ಚು.

ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಈ ಥಿಯೇಟರ್‌ನಲ್ಲಿ ಕ್ಯಾಪಿಟಲ್ ಐರಿಷ್ ಫಿಲ್ಮ್ ಫೆಸ್ಟಿವಲ್ ನಡೆಯುತ್ತದೆ. ನಡೆಸುವವರು ಸೊಲಸ್ ನೂವ ಎಂಬ ಸಂಸ್ಥೆ. ಇಂಗ್ಲಿಷ್‌ಗಿಂತ ಬೇರೆಯೇ ಆದ, ಐರ್ಲೆಂಡಿನ ಸ್ವಂತ ಭಾಷೆ ಐರಿಷ್‌ನಲ್ಲಿ ಹಾಗೆಂದರೆ ಹೊಸ ಬೆಳಕು. ಹಸಿರು ಟೋಪಿ ಹಾಕಿಕೊಂಡು ಕುಣಿಯುವ ಐರ್ಲೆಂಡ್ ಬೇಕಿದ್ದರೆ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದವರೆಗೆ ಕಾಯಬೇಕು. ಇಲ್ಲಿಗೆ ಬರುವುದು ಈಗಿನ ಐರ್ಲೆಂಡ್.

ಒಂದು ವರ್ಷ ನನ್ನ ಪಕ್ಕ ವಯಸ್ಸಾದ ಒಬ್ಬರು ಕೂತಿದ್ದರು. ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನಲ್ಲಿ ಹುಟ್ಟಿ ಬೆಳೆದವರು. ಚಿತ್ರ ಐರಿಷ್ ಭಾಷೆಯದ್ದು. ಅರ್ಥವಾಗದಿದ್ದರೆ ಇವರನ್ನೇ ಕೇಳಿದರಾಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದರೆ, ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಸಬ್‌ಟೈಟಲ್ ಓದುತ್ತಿದ್ದಾರೆ! ಇಂಟರ್‌ವಲ್ ಅಂತೂ ಇಲ್ಲ, ಮುಗಿದ ಮೇಲೆ ಕೇಳಿದೆ. ‘ಸ್ಕೂಲಲ್ಲಿ ಕಲಿತದ್ದು, ಪರೀಕ್ಷೆಗೆ ಬರೆದದ್ದು, ಅಷ್ಟೇ’ ಅಂದರು.

ಅದು ಅವರೊಬ್ಬರ ಕತೆಯಲ್ಲ. ಐರ್ಲೆಂಡಿನ 2022ರ ಜನಗಣತಿಯಲ್ಲಿ ಐರಿಷ್ ಮಾತಾಡಬಲ್ಲೆವು ಎಂದವರು ಸುಮಾರು 18.7 ಲಕ್ಷ. ಶಾಲೆಯ ಹೊರಗೆ ದಿನವೂ ಮಾತಾಡುವವರು ಸುಮಾರು 72 ಸಾವಿರ. ಅಂಥ ಭಾಷೆಯಲ್ಲಿ ಸಿನಿಮಾ ಮಾಡಲು ಯಾರು ದುಡ್ಡು ಹಾಕುತ್ತಾರೆ? ಮಾರುಕಟ್ಟೆ ಹಾಕುವುದಿಲ್ಲ, ಬಿಡಿ. 1996ರಲ್ಲಿ ಶುರುವಾದ ಐರಿಷ್ ಭಾಷೆಯ ಟಿವಿ ಚಾನೆಲ್ ಒಂದಿದೆ, ಈಗ ಟಿಜಿ4 ಅನ್ನುತ್ತಾರೆ. 2017ರಲ್ಲಿ ಆ ಚಾನೆಲ್, ಸರ್ಕಾರದ ಚಲನಚಿತ್ರ ಸಂಸ್ಥೆ, ಪ್ರಸಾರ ಪ್ರಾಧಿಕಾರ ಮೂರೂ ಸೇರಿ ಸಿನೆ4 ಎಂಬ ಯೋಜನೆ ತಂದವು. ಐರಿಷ್‌ನಲ್ಲೇ ಪೂರ್ತಿ ಚಿತ್ರ ಮಾಡುವವರಿಗೆ ದುಡ್ಡು.

ಆ ದುಡ್ಡಲ್ಲೇ ‘ದಿ ಕ್ವಯಟ್ ಗರ್ಲ್’ ಬಂತು. 2023ರಲ್ಲಿ ಆಸ್ಕರ್ ಅಂತರರಾಷ್ಟ್ರೀಯ ಚಿತ್ರ ವಿಭಾಗಕ್ಕೆ ನಾಮನಿರ್ದೇಶನ ಸಿಕ್ಕ ಮೊದಲ ಐರಿಷ್ ಭಾಷೆಯ ಚಿತ್ರ ಅದು. ಮಾತು ಕಮ್ಮಿಯಿರುವ ಒಂದು ಹುಡುಗಿಯನ್ನು ನೆಂಟರ ಮನೆಗೆ ಕಳಿಸುತ್ತಾರೆ. ಆ ಮನೆಯ ಯಜಮಾನ ಮೊದಮೊದಲು ಅವಳ ಮುಖ ಕೂಡ ಸರಿಯಾಗಿ ನೋಡುವುದಿಲ್ಲ. ಒಂದು ದಿನ ಅಡುಗೆಮನೆ ದಾಟಿ ಹೋಗುವಾಗ ಮೇಜಿನ ಮೇಲೆ ಒಂದು ಬಿಸ್ಕತ್ತು ಇಟ್ಟು ಹೋಗುತ್ತಾನೆ. ಮಾತಿಲ್ಲ, ತಿರುಗಿ ನೋಡುವುದೂ ಇಲ್ಲ. ನಮ್ಮ ಊರುಗಳ ಗಂಡಸರೂ ಹೀಗೇ ಅಲ್ವಾ, ಪ್ರೀತಿ ಬಂದರೆ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಕೊಡುತ್ತಾರೆ. ಆ ದೃಶ್ಯಕ್ಕೆ ಸಬ್‌ಟೈಟಲ್ ಬೇಕಾಗಲಿಲ್ಲ.

ಇದನ್ನು ಈ ಸಭೆಯಲ್ಲಿ ಹೇಳುವುದಕ್ಕೆ ಕಾರಣವಿದೆ. ಕನ್ನಡ ಸಿನಿಮಾ ಬಂದಾಗ ನಾವು ಮಕ್ಕಳನ್ನು ಎಳೆದುಕೊಂಡು ಹೋಗುತ್ತೇವೆ. ಅವರು ಕೆಳಗಿನ ಇಂಗ್ಲಿಷ್ ಸಾಲು ಓದುತ್ತಾ ಕೂರುತ್ತಾರೆ. ನನ್ನ ಮಗಳು ಹಾಗೆ ಓದುವಾಗ ನಾನು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದೆ. ಆ ಡಬ್ಲಿನ್ ಹಿರಿಯರನ್ನು ನೋಡಿದ ಮೇಲೆ ಸುಮ್ಮನಾದೆ. ಓದಿಕೊಂಡಾದರೂ ಕೂತಿದ್ದಾಳಲ್ಲ.

ಒಂದು ವಿಷಯ ಮರೆತಿದ್ದೆ. ಡಬ್ಲಿನ್‌ನಲ್ಲಿ ಸಿನಿಮಾಗಾಗಿಯೇ ವೋಲ್ಟಾ ಎಂಬ ಥಿಯೇಟರ್ ತೆರೆದು ನಡೆಸಿದ್ದು ಯಾರು ಗೊತ್ತಾ? ಐರ್ಲೆಂಡಿನ ಹೆಸರಾಂತ ಕಾದಂಬರಿಕಾರ ಜೇಮ್ಸ್ ಜಾಯ್ಸ್, 1909ರ ಡಿಸೆಂಬರ್‌ನಲ್ಲಿ. ಬಂಡವಾಳ ಈಗ ಇಟಲಿಯಲ್ಲಿರುವ ಟ್ರಿಯೆಸ್ಟ್ ಊರಿನ ವ್ಯಾಪಾರಿಗಳದ್ದು, ಚಿತ್ರಗಳೂ ಹೆಚ್ಚಾಗಿ ಯುರೋಪ್ ಖಂಡದವೇ. ಕೆಲವೇ ತಿಂಗಳಲ್ಲಿ ಮಾರಬೇಕಾಯಿತು. ಕಾದಂಬರಿ ಬರೆದದ್ದೇ ಒಳ್ಳೆಯದಾಯಿತು.

ಆ ದಿನ ಹೊರಗೆ ಬರುವಾಗ ಹಿರಿಯರು ಸ್ಕೂಲಿನ ಒಂದು ಪದ ನೆನಪು ಮಾಡಿಕೊಂಡರು: ಪಿಕ್ಟೂರ್‌ಲನ್. ಪಿಕ್ಟೂರ್ ಅಂದರೆ ಚಿತ್ರ, ಲನ್ ಅಂದರೆ ಮನೆ. ಸಿನಿಮಾ ಥಿಯೇಟರ್‌ಗೆ ಹಾಗನ್ನುತ್ತಾರಂತೆ. ನಮ್ಮಲ್ಲೂ ಇದೆ, ಚಿತ್ರಮಂದಿರ ಅಂದೆ. ಮಂದಿರ ಅಂದರೇನು ಅಂದರು. ಮನೆ ಅಂತಲೂ ಆಗುತ್ತದೆ, ದೇವಸ್ಥಾನ ಅಂತಲೂ ಆಗುತ್ತದೆ ಅಂದೆ. ಅವರು ಒಂದು ಗಳಿಗೆ ತಮ್ಮ ಬೂಟು ನೋಡಿಕೊಂಡರು. ‘ಹಾಗಾದರೆ ಇದನ್ನು ಹೊರಗೆ ಬಿಡಬೇಕಿತ್ತಾ?’