ಯಾವ ಬೇಜಾರು?

ಎಲ್ಲರಿಗೂ ನಮಸ್ಕಾರ.

ಮಾತಿನ ಶಕ್ತಿಯ ಬಗ್ಗೆ ಮಾತಾಡಿ ಎಂದಾಗ ಮೊದಲು ಹೊಳೆದದ್ದು ಮುತ್ತು, ಮಾಣಿಕ್ಯ, ಜ್ಯೋತಿ. ಅವನ್ನೆಲ್ಲ ನೀವು ಶಾಲೆಯ ಭಾಷಣ ಸ್ಪರ್ಧೆಗಳಲ್ಲೇ ಕೇಳಿ ಮುಗಿಸಿದ್ದೀರಿ. ಹಾಗಾಗಿ ಒಂದೇ ಒಂದು ಪದ ಹಿಡಿದುಕೊಂಡು ಬಂದಿದ್ದೇನೆ. ಅಂಥ ಚೆಂದದ ಪದವೇನಲ್ಲ. ಬೇಜಾರು.

ಇಷ್ಟು ದುಡಿಯುವ ಪದ ನಮ್ಮಲ್ಲಿ ಇನ್ನೊಂದಿದೆಯೋ ಇಲ್ಲವೋ. ರಜೆಯಲ್ಲಿ ಮಾಡಲು ಏನೂ ಇಲ್ಲದಿದ್ದರೆ ಬೇಜಾರು. ಹತ್ತಿರದವರು ತೀರಿಕೊಂಡರೂ ಬೇಜಾರು. ಗೆಳೆಯ ಫೋನ್ ಎತ್ತದಿದ್ದರೆ ಬೇಜಾರು. ಎತ್ತಿ ನಿಷ್ಠುರವಾಗಿ ಏನಾದರೂ ಅಂದರೆ, ಕೊನೆಗೆ 'ಬೇಜಾರು ಮಾಡ್ಕೋಬೇಡ'. ಪಾರ್ಸಿಯಿಂದ ಬಂದ ಈ ಪದ ಯಾರು ಬಂದರೂ ಜಾಗ ಕೊಡುವ ಛತ್ರದ ಹಾಗೆ. ಒಳಗೆ ಯಾರು ಮಲಗಿದ್ದಾರೆ ಎಂದು ಯಾರೂ ನೋಡುವುದಿಲ್ಲ.

ನಾನೂ ನೋಡಿರಲಿಲ್ಲ. 24ನೇ ವಯಸ್ಸು, ಮೊದಲ ಕೆಲಸ. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಇಲ್ಲ. ಯಾರು ಕೇಳಿದರೂ 'ಏನಿಲ್ಲ, ಯಾಕೋ ಬೇಜಾರು' ಅನ್ನುತ್ತಿದ್ದೆ. ಪಕ್ಕದ ಮೇಜಿನಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬರು ಮಾತ್ರ ಅಷ್ಟಕ್ಕೆ ಬಿಡಲಿಲ್ಲ.

'ಯಾವ ಬೇಜಾರಪ್ಪಾ?'

'ಕೆಲಸ ಹಿಡಿಸ್ತಿಲ್ಲ ಸರ್.'

'ನಿನ್ನೆ ಏಳು ಗಂಟೆವರೆಗೂ ತಲೆ ಎತ್ತದೆ ಮಾಡ್ತಿದ್ಯಲ್ಲ?'

'ಸುಸ್ತಿರಬೇಕು.'

'ಭಾನುವಾರ ಮಲಗಿದ ಮೇಲೆ ಹೋಯ್ತಾ?'

ಹೋಗಿರಲಿಲ್ಲ. ಅವರು ಮತ್ತೇನೂ ಕೇಳಲಿಲ್ಲ. ಸಂಜೆ ಮನೆಗೆ ನಡೆದು ಹೋಗುತ್ತಿರುವಾಗ ಉತ್ತರ ತಾನಾಗಿಯೇ ಬಂತು. ನನ್ನ ಜೊತೆಗೇ ಸೇರಿದ್ದ ಗೆಳೆಯನಿಗೆ ಬಡ್ತಿ ಸಿಕ್ಕಿತ್ತು, ನನಗೆ ಇಲ್ಲ. ಇದು ಹೊಟ್ಟೆಕಿಚ್ಚು.

ಆ ಕ್ಷಣ ಹಗುರವಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲು ಆದದ್ದು ನಾಚಿಕೆ. ಆದರೆ ಬೇಜಾರಿಗೆ ಮಾಡುವುದಕ್ಕೆ ಏನೂ ಇಲ್ಲ, ಕಳೆಯುವವರೆಗೆ ಕಾಯಬೇಕು ಅಷ್ಟೆ. ಹೊಟ್ಟೆಕಿಚ್ಚಿಗೆ ಒಂದು ವಿಳಾಸವಾದರೂ ಇದೆ. ಮರುವಾರ ಅವನ ಹತ್ತಿರವೇ ಹೋಗಿ, 'ನೀನು ವರದಿ ಹೇಗೆ ಬರೀತೀಯ, ತೋರಿಸು ಮಾರಾಯ' ಎಂದೆ. ಅವನು ತೋರಿಸಿದ. ನನಗಿಂತ ನಿಜಕ್ಕೂ ಚೆನ್ನಾಗಿ ಬರೆಯುತ್ತಿದ್ದ, ಏನು ಮಾಡುವುದು!

ಇದಕ್ಕೆ ಪ್ರಯೋಗಶಾಲೆಯಲ್ಲೂ ಒಂದು ಸುಳಿವಿದೆ. ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಸಿಟ್ಟಿನ, ಭಯದ ಮುಖಗಳ ಚಿತ್ರ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದರು. ಆ ಮುಖದಲ್ಲಿರುವುದು ಸಿಟ್ಟೋ ಭಯವೋ ಎಂದು ಹೆಸರು ಆರಿಸಿದಾಗ, ಅಪಾಯಕ್ಕೆ ತಟ್ಟನೆ ಎಚ್ಚೆತ್ತುಕೊಳ್ಳುವ ಅಮಿಗ್ಡಲಾ ಎಂಬ ಭಾಗದ ಗದ್ದಲ ತಗ್ಗಿತು. ಅದೇ ಮುಖಕ್ಕೆ ಹೊಂದುವ ವ್ಯಕ್ತಿಯ ಹೆಸರನ್ನು ಆರಿಸಿದಾಗ ಅಷ್ಟು ತಗ್ಗಲಿಲ್ಲ. ಕನ್ನಡಿಯ ಮುಂದೆ ನಿಂತು 'ನಾನು ಗೆದ್ದೇ ಗೆಲ್ಲುತ್ತೇನೆ' ಎಂದು ನೂರು ಸಲ ಹೇಳಿಕೊಳ್ಳುವ ವಿದ್ಯೆ ಬೇರೆ. ಅದರಲ್ಲಿ ನನಗೆ ನಂಬಿಕೆ ಕಡಿಮೆ. ಸಿಹಿಯಾದ ಪದಕ್ಕಿಂತ ಸರಿಯಾದ ಪದ ಹೆಚ್ಚು ಕೆಲಸ ಮಾಡಿದ್ದನ್ನು ಕಂಡಿದ್ದೇನೆ.

ಹೆಲೆನ್ ಕೆಲ್ಲರ್ ಕಥೆ ನಿಮಗೆ ಗೊತ್ತು. 1887ರ ಏಪ್ರಿಲ್ 5, ಅಲಬಾಮಾದ ಟಸ್ಕಂಬಿಯಾ. ಕಣ್ಣು ಕಿವಿ ಎರಡೂ ಇಲ್ಲದ, ಇನ್ನೂ ಏಳು ತುಂಬದ ಹುಡುಗಿಯ ಒಂದು ಕೈ ಮೇಲೆ ಪಂಪಿನ ನೀರು ಬೀಳುತ್ತಿದೆ. ಇನ್ನೊಂದು ಅಂಗೈ ಮೇಲೆ ಅವಳ ಶಿಕ್ಷಕಿ ಆನ್ ಸಲಿವನ್ 'ನೀರು' ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಬೆರಳಿನಿಂದ ಮೂಡಿಸುತ್ತಿದ್ದಾರೆ. ಎಲ್ಲರೂ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದದ್ದು ಅದರ ಹಿಂದುಮುಂದು. ಪಂಪಿನ ಹತ್ತಿರ ಹೋಗುವ ಮೊದಲು, ಪಾಠದ ಕಾಟ ತಡೆಯಲಾರದೆ ಆಕೆ ತನ್ನ ಹೊಸ ಬೊಂಬೆಯನ್ನು ನೆಲಕ್ಕೆ ಅಪ್ಪಳಿಸಿದ್ದಳು. ಆಗ ಬೇಸರವೂ ಆಗಲಿಲ್ಲ, ಪಶ್ಚಾತ್ತಾಪವೂ ಆಗಲಿಲ್ಲ ಎಂದು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾಳೆ. ನೀರಿಗೊಂದು ಹೆಸರಿದೆ, ಎಲ್ಲಕ್ಕೂ ಹೆಸರಿದೆ ಎಂದು ತಿಳಿದು ಒಳಗೆ ಬಂದವಳು ಬೊಂಬೆಯ ಚೂರುಗಳನ್ನು ತಡಕಿ, ಜೋಡಿಸಲು ನೋಡಿ, ಆಗದೆ ಅತ್ತಳು. ಪದದ ಬೆನ್ನಿಗೇ ಬಂದದ್ದು ಪಶ್ಚಾತ್ತಾಪ. ಇದನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ಭಯವೂ ಆಗುತ್ತದೆ.

ಭಯಕ್ಕೆ ಬೇರೆ ಕಾರಣವೂ ಇದೆ. ನಮಗೆ ಹೆಸರಿಡುವವರು ನಾವೊಬ್ಬರೇ ಅಲ್ಲವಲ್ಲ. 1974ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಂಬ ಮನೋವಿಜ್ಞಾನಿಗಳು ಕಾರು ಅಪಘಾತದ ಒಂದೇ ಕಿರುಚಿತ್ರವನ್ನು ಎಲ್ಲರಿಗೂ ತೋರಿಸಿ, ಕೆಲವರಿಗೆ ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಎಂದೂ ಕೆಲವರಿಗೆ 'ಗುದ್ದಿದಾಗ' ಎಷ್ಟಿತ್ತು ಎಂದೂ ಕೇಳಿದರು. ವಾರದ ಮೇಲೆ, ಒಡೆದ ಗಾಜು ನೋಡಿದಿರಾ ಎಂದರೆ ಮೊದಲ ಗುಂಪಿನ 50 ಜನರಲ್ಲಿ 16 ಮಂದಿ ಹೌದು ಎಂದರು. ಎರಡನೆಯದರಲ್ಲಿ 7 ಮಂದಿ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ನನ್ನ ಮೇಷ್ಟ್ರೊಬ್ಬರು ನನ್ನನ್ನು 'ದಡ್ಡ' ಎಂದು ಕರೆದಿದ್ದರು. ಒಂದೇ ಸಲ. ಎಷ್ಟೋ ವರ್ಷ ನಾನು ಆ ಒಡೆದ ಗಾಜನ್ನು ನೋಡುತ್ತಲೇ ಇದ್ದೆ.

ಕನ್ನಡದ ವ್ಯಾಕರಣವೇ ನಮ್ಮ ಬಗ್ಗೆ ಎಷ್ಟು ಕರುಣೆ ತೋರಿಸುತ್ತದೆ ನೋಡಿ. 'ನನಗೆ ಕೋಪ ಬಂತು' ಅನ್ನುತ್ತೇವೆ. ಕೋಪ ಎಲ್ಲಿಂದಲೋ ಬಂತು, ನಾನು ಮನೆಯಲ್ಲಿದ್ದೆ, ಹೊತ್ತು ಕಳೆದ ಮೇಲೆ ಹೋಯಿತು. ಭಯವಾಯಿತು, ಮರೆತುಹೋಯಿತು, ಸೋಮಾರಿತನ ಬಂತು. ಎಲ್ಲ ಬಂದುಹೋಗುವ ನೆಂಟರು. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ನಾವು ನೆಂಟರನ್ನು ಕಾಯಂ ಮಾಡಿಬಿಡುತ್ತೇವೆ: ಸೋಮಾರಿ, ಪುಕ್ಕಲ, ಹಠಮಾರಿ. ನಮಗೆ ಕ್ರಿಯಾಪದ, ಅವರಿಗೆ ನಾಮಪದ.

ಇದೆಲ್ಲ ಅರಿತ ಜ್ಞಾನಿಯಂತೆ ಮೊನ್ನೆ ಮಗಳ ಮುಂದೆ ಕೂತೆ. ಮುಖ ಊದಿಸಿಕೊಂಡು, 'ಬೇಜಾರು ಅಪ್ಪ' ಅಂದಳು. ಯಾವ ಬೇಜಾರು ಪುಟ್ಟಾ ಎಂದು ಕೇಳಿದೆ. ಒಂಟಿ ಅನ್ನಿಸ್ತಾ? ಅಲ್ಲ. ಯಾರಾದರೂ ಏನಾದರೂ ಅಂದರಾ? ಇಲ್ಲ. ಭಯವಾ? ಅಲ್ಲ. ಬಹಳ ಹೊತ್ತು ಯೋಚಿಸಿ ಹೇಳಿದಳು:

'ನೀನು ಪ್ರಶ್ನೆ ಕೇಳ್ತಾನೇ ಇರ್ತೀಯಲ್ಲ, ಆ ಬೇಜಾರು.'

ಹೆಸರು ಸರಿಯಾಗಿಯೇ ಇತ್ತು. ಎದ್ದು ಹೋದೆ.